ಆರಿಸಿ ಕಳಿಸುವವರು, ನೇಮಿಸಿ ಕೂರಿಸುವವರು

(ರೈತ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸರ್ಕಾರದ ಯಾವ ಕುರ್ಚಿಗೆ ಜನ ಓಟು ಹಾಕಿ ಆರಿಸಬೇಕು, ಯಾವ ಕುರ್ಚಿಗೆ ಸರ್ಕಾರ ನೇಮಕ ಮಾಡಬೇಕು? ಈ ದಿನ ನನಗೆ ಕೊಟ್ಟಿರುವ ವಿಷಯ ಇದು. ಕೇಳಲಿಕ್ಕೆ ಒಣ ವಿಷಯ. ಮಳೆ ಕೈಕೊಟ್ಟಿದೆ, ಬೋರು ಬತ್ತಿದೆ, ಬೆಳೆದ ಮಾಲಿಗೆ ಕಟಾವಿನ ಕೂಲಿಯೂ ಹುಟ್ಟೋದಿಲ್ಲ, ಇಂಥದ್ದರಲ್ಲಿ ಕುರ್ಚಿಯ ಪುರಾಣ ಯಾಕಪ್ಪಾ ಅಂತ ನೀವು ಕೇಳಬಹುದು.

ಸ್ವಲ್ಪ ಯೋಚನೆ ಮಾಡಿ. ನಿಮ್ಮ ರಾಗಿಗೆ ಬೆಲೆ ಕಟ್ಟುವವರು ಯಾರು? ಮಂಡಿಯಲ್ಲಿ ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಬೇಕಾದವರು ಯಾರು? ಸೊಸೈಟಿ ಸಾಲ ಯಾರಿಗೆ ಎಷ್ಟು ಅಂತ ಬರೆಯುವವರು ಯಾರು? ಪಹಣಿಯಲ್ಲಿ ಹೆಸರು ತಿದ್ದುವವರು ಯಾರು? ಬೆಳೆ ಒಣಗಿದಾಗ ನಷ್ಟ ಅರ್ಧವೋ ಮುಕ್ಕಾಲೋ ಅಂತ ಅಳೆಯುವವರು ಯಾರು? ಒಂದೊಂದು ಪ್ರಶ್ನೆಯ ಕೊನೆಗೂ ಒಂದೊಂದು ಕುರ್ಚಿ ಇದೆ. ಆ ಕುರ್ಚಿಯಲ್ಲಿ ಕೂತವನು ಯಾರಿಗೆ ಹೆದರುತ್ತಾನೆ ಅನ್ನೋದರ ಮೇಲೆ ನಿಮ್ಮ ವರ್ಷದ ದುಡಿಮೆ ನಿಂತಿದೆ. ನಮ್ಮ ಹಿರಿಯರು ಹೇಳಿದ ಹಾಗೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪೂಜಾರಿಯನ್ನು ನೇಮಿಸುವವರು ಯಾರು ಅನ್ನೋದೇ ಇವತ್ತಿನ ವಿಚಾರ.

ಹುಟ್ಟಿನಿಂದ ಬಂದ ಕುರ್ಚಿ

ನಮ್ಮ ಹಳ್ಳಿಗಳಲ್ಲಿ ಮೊದಲು ಇದ್ದದ್ದು ಆಯ್ಕೆಯೂ ಅಲ್ಲ, ನೇಮಕವೂ ಅಲ್ಲ. ಪಟೇಲನ ಮಗ ಪಟೇಲ, ಶಾನುಭೋಗರ ಮಗ ಶಾನುಭೋಗ. ಲೆಕ್ಕದ ಪುಸ್ತಕ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ. ಅವರು ಬರೆದದ್ದನ್ನು ಅವರೇ ಓದಬೇಕು. ಯಾರ ಹೊಲ ಯಾರ ಹೆಸರಿಗೆ ಏರಿತು ಅನ್ನೋದು ಒಕ್ಕಲಿಗೆ ಗೊತ್ತಾಗುವ ಹೊತ್ತಿಗೆ ಎರಡು ತಲೆಮಾರು ಕಳೆದಿರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಈ ವಂಶದ ಹಕ್ಕು ಹೋಯಿತು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ.

ಇದು ದೊಡ್ಡ ಬಿಡುಗಡೆಯೇ. ಯಾವ ಜಾತಿಯವನಾದರೂ ಓದಿ ಆ ಕೆಲಸಕ್ಕೆ ಬರಬಹುದು ಅಂತಾಯಿತು. ಆದರೆ ಹೊಸ ತೊಂದರೆಯೂ ಬಂತು. ಶಾನುಭೋಗ ಊರಲ್ಲೇ ಇದ್ದು ಊರಿನ ಬಾಯಿಗೆ ಅಂಜುತ್ತಿದ್ದ. ಲೆಕ್ಕಿಗ ವಾರಕ್ಕೊಂದು ದಿನ ಬರುತ್ತಾನೆ, ಅವನಿಗೆ ಅಂಜಿಕೆ ತಹಶೀಲ್ದಾರರದ್ದು, ತಹಶೀಲ್ದಾರರಿಗೆ ಅಂಜಿಕೆ ಮೇಲಿನವರದ್ದು, ಮೇಲಿನವರಿಗೆ ವರ್ಗಾವಣೆ ಮಾಡಿಸುವ ಮಂತ್ರಿಯದ್ದು. ಈ ಏಣಿಯ ಮೇಲೆ ರೈತನಿಗೆ ಅಂಜುವವನು ಒಬ್ಬನೂ ಇಲ್ಲ. ನೇಮಕದ ಕುರ್ಚಿಯ ಮೂಲ ರೋಗ ಇದೇ.

1987ರಲ್ಲಿ ನಾವು ಕಂಡದ್ದು

ಈ ಏಣಿಯನ್ನು ತಲೆಕೆಳಗು ಮಾಡುವ ಪ್ರಯತ್ನ ನಮ್ಮ ರಾಜ್ಯದಲ್ಲೇ ಒಮ್ಮೆ ನಡೆಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದರು. ಕೊಳವೆ ಬಾವಿ ತೋಡಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. 1983ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿ ಕಾಯಿದೆ ಆಯಿತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಶೇಕಡಾ 25 ಸ್ಥಾನ ಹೆಂಗಸರಿಗೆ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಐ.ಎ.ಎಸ್. ಮಾಡಿದ ಅಧಿಕಾರಿ, ಅದೂ ಡಿ.ಸಿ.ಗಿಂತ ಹಿರಿಯರು, ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ. ಹೊಲ ಉಳುತ್ತಿದ್ದವನು ಮೇಜಿನ ಆ ಕಡೆ ಕೂತ, ಸಾಹೇಬರು ಫೈಲು ಹಿಡಿದು ಈ ಕಡೆ ನಿಂತರು. ಮೇಷ್ಟ್ರು ಹೊತ್ತಿಗೆ ಸರಿಯಾಗಿ ಶಾಲೆಗೆ ಬರುತ್ತಿದ್ದರು ಅಂತ ಆ ದಿನಗಳನ್ನು ಕಂಡವರು ಇವತ್ತಿಗೂ ಹೇಳುತ್ತಾರೆ.

ಮುಂದೆ ಏನಾಯಿತು? 1992ರಲ್ಲಿ ಅವರ ಅವಧಿ ಮುಗಿಯಿತು. ಆಗಿನ ಸರ್ಕಾರ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಇಂಥ ಆಟ ನಡೆಯಬಾರದು ಅಂತಲೇ 1993ರಲ್ಲಿ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಬಂತು. ಐದು ವರ್ಷ ಮುಗಿಯುವುದರ ಒಳಗೆ ಪಂಚಾಯ್ತಿಗೆ ಚುನಾವಣೆ ಆಗಲೇಬೇಕು ಅಂತ ಅದರಲ್ಲಿ ಬರೆದಿದೆ. ಆದರೂ 2021ರಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದಾಗ ಕ್ಷೇತ್ರ ವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಅಂದರು. ವರ್ಷದ ಮೇಲೆ ವರ್ಷ ಅಧಿಕಾರಿಗಳೇ ಆಡಳಿತಾಧಿಕಾರಿಗಳಾಗಿ ಕೂತರು. ಒಂದು ಪಕ್ಷ ಇಳಿದು ಇನ್ನೊಂದು ಪಕ್ಷ ಏರಿದರೂ ಈ ವಿಷಯದಲ್ಲಿ ಇಬ್ಬರದೂ ಒಂದೇ ನಡೆ. ಯಾಕೆ? ಆರಿಸಿ ಬಂದ ಜಿಲ್ಲಾ ಪಂಚಾಯ್ತಿ ಅಧ್ಯಕ್ಷ ಶಾಸಕನಿಗೆ ನಾಳೆಯ ಎದುರಾಳಿ, ಆಡಳಿತಾಧಿಕಾರಿಯಾದರೆ ಫೋನಿಗೆ ಸಿಗುವ ಆಳು. ಇದರಲ್ಲಿ ಗುಟ್ಟೇನೂ ಇಲ್ಲ.

ಮಂಡಿ ಮತ್ತು ಸೊಸೈಟಿ

ಎ.ಪಿ.ಎಂ.ಸಿ. ವಿಚಾರಕ್ಕೆ ಬನ್ನಿ. 1966ರ ಕಾಯಿದೆಯ ಪ್ರಕಾರ ಮಾರುಕಟ್ಟೆ ಸಮಿತಿಯಲ್ಲಿ ಬಹುಪಾಲು ಸದಸ್ಯರು ರೈತರಿಂದ ಆರಿಸಿ ಬರಬೇಕು. ವರ್ತಕರ ಪ್ರತಿನಿಧಿ ಇರುತ್ತಾನೆ, ಸಹಕಾರ ಸಂಘಗಳ ಪ್ರತಿನಿಧಿ ಇರುತ್ತಾನೆ, ಸರ್ಕಾರ ನಾಮಕರಣ ಮಾಡಿದವರು ಕೆಲವರು. ಕಾರ್ಯದರ್ಶಿ ಮಾತ್ರ ಸರ್ಕಾರಿ ನೌಕರ. ಕಾಗದದ ಮೇಲೆ ನೋಡಿದರೆ ಮಂಡಿಯ ಯಜಮಾನ ರೈತನೇ. ಹಾಗಾದರೆ ಬಿಳಿ ಚೀಟಿ ವ್ಯಾಪಾರ ಯಾಕೆ ನಿಂತಿಲ್ಲ? ಕೊಡಬಾರದ ಕಮಿಷನ್ನು ರೈತನ ಪಟ್ಟಿಯಲ್ಲೇ ಯಾಕೆ ಮುರಿಯುತ್ತಾರೆ? ಸ್ಯಾಂಪಲ್ಲು ಅಂತ ತೆಗೆದ ಮಾಲು ಎಲ್ಲಿಗೆ ಹೋಗುತ್ತೆ?

ಉತ್ತರ ನಮ್ಮಲ್ಲೇ ಇದೆ. ಸಮಿತಿಯ ಚುನಾವಣೆಯಲ್ಲಿ ನಾವು ಓಟು ಹಾಕಿದ್ದು ಜಾತಿ ನೋಡಿ, ಪಕ್ಷದ ಬಾವುಟ ನೋಡಿ. ಎಷ್ಟೋ ಕಡೆ ರೈತ ಕ್ಷೇತ್ರದಿಂದ ಆರಿಸಿ ಬಂದವನ ಚುನಾವಣೆ ಖರ್ಚು ಕೊಟ್ಟದ್ದು ದಲ್ಲಾಳಿ. ಸಾಲ ಕೊಟ್ಟವನ ಅಂಗಡಿಗೇ ಮಾಲು ಹಾಕುವ ರೈತ ಅದೇ ದಲ್ಲಾಳಿ ತೋರಿಸಿದವನಿಗೆ ಓಟು ಹಾಕುತ್ತಾನೆ. ಸಾಲದಲ್ಲಿ ಇರುವವನ ಓಟು ಪೂರ್ತಿ ಅವನದಲ್ಲ, ಈ ಮಾತು ನೆನಪಿಡಿ. ಇನ್ನು ಈ ಚುನಾವಣೆಯ ಪಟ್ಟಿ ಆಗೋದು ಪಹಣಿ ನೋಡಿ. ನಮ್ಮ ಮನೆಯ ಹೆಂಗಸರು ಕಳೆ ಕಿತ್ತು, ಬಿತ್ತಿ, ಒಕ್ಕಿದರೂ ಪಹಣಿಯಲ್ಲಿ ಹೆಸರಿಲ್ಲ, ಆದ್ದರಿಂದ ಪಟ್ಟಿಯಲ್ಲೂ ಇಲ್ಲ. ಆಯ್ಕೆ ಬೇಕು ಅಂತ ಕೂಗುವ ನಾವು ಇದನ್ನೂ ನೋಡಿಕೊಳ್ಳಬೇಕು. 2020ರ ತಿದ್ದುಪಡಿ ಸಮಿತಿಯ ಅಧಿಕಾರವನ್ನು ಮಾರುಕಟ್ಟೆ ಪ್ರಾಂಗಣದ ಗೋಡೆಯ ಒಳಗೆ ಕಟ್ಟಿಹಾಕಿದಾಗ ಸಮಿತಿಯನ್ನು ಉಳಿಸಿಕೊಳ್ಳಿ ಅಂತ ಊರೂರಿನ ರೈತ ಎದ್ದು ಬರಲಿಲ್ಲ. ಸಮಿತಿ ತನ್ನದು ಅಂತ ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಸೊಸೈಟಿಯ ಕತೆಯೂ ಬೇರೆಯಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ತಪ್ಪಿಸಿಕೊಳ್ಳಲು ರೈತರೇ ಕಟ್ಟಿಕೊಂಡ, ರೈತರೇ ಆರಿಸಿಕೊಂಡ ಆಡಳಿತ. ಈಗ ನಮ್ಮ ಸಂಘಗಳ ಸ್ಥಿತಿ ನೋಡಿ. ಸುಸ್ತಿದಾರನಿಗೆ ಓಟಿಲ್ಲ ಅನ್ನುತ್ತೆ ಕಾನೂನು. ಸಾಲ ಕಟ್ಟದವನಿಗೆ ಓಟು ಯಾಕೆ ಅಂತ ಮೇಲ್ನೋಟಕ್ಕೆ ನ್ಯಾಯವಾಗೇ ಕಾಣುತ್ತೆ. ಆದರೆ ಬರ ಬಿದ್ದ ವರ್ಷ ಯಾರು ಸುಸ್ತಿದಾರ? ಮೂರು ಎಕರೆ ಮಳೆ ಆಶ್ರಯದವನು. ಸಂಘ ಯಾರಿಗೋಸ್ಕರ ಹುಟ್ಟಿತೋ ಅವನೇ ಹೊರಗೆ, ನೀರಾವರಿ ಇದ್ದು ಕಂತು ಕಟ್ಟಿದವನು ಒಳಗೆ. ಆಮೇಲೆ ಸಾಲ ಮನ್ನಾ ಆದಾಗ, ಹೊಸ ಸಾಲ ಹಂಚುವಾಗ ಯಾರ ಹೆಸರು ಮೊದಲು ಬರುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಅಮೆರಿಕದ ಗೋಧಿ ರೈತರು ಮಾಡಿದ್ದು

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದಲ್ಲಿ ರಾಜ್ಯ ಸರ್ಕಾರದ ಎಷ್ಟೋ ಕುರ್ಚಿಗಳಿಗೆ ಜನ ನೇರವಾಗಿ ಓಟು ಹಾಕುತ್ತಾರೆ. ಗವರ್ನರ್ ಅಂದರೆ ಅಲ್ಲಿ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವನ ಜತೆಗೆ ಸರ್ಕಾರಿ ವಕೀಲ, ಲೆಕ್ಕ ತನಿಖೆಯ ಆಡಿಟರ್, ಖಜಾಂಚಿ ಇವರನ್ನೂ ಬಹಳ ರಾಜ್ಯಗಳಲ್ಲಿ ಬೇರೆ ಬೇರೆ ಓಟಿನಲ್ಲಿ ಆರಿಸುತ್ತಾರೆ. ಒಂದು ಡಜನ್ ರಾಜ್ಯಗಳಲ್ಲಿ ವ್ಯವಸಾಯ ಇಲಾಖೆಯ ಮುಖ್ಯಸ್ಥನನ್ನೂ ಜನರೇ ಆರಿಸುತ್ತಾರೆ. ಉಳಿದ ಕಡೆ ಬಹುಮಟ್ಟಿಗೆ ನೇಮಕ.

ಅಂಥ ಒಂದು ರಾಜ್ಯ ನಾರ್ತ್ ಡಕೋಟಾ. ಗೋಧಿ ಬೆಳೆಯುವ ಬಯಲು ಸೀಮೆ. ನೂರು ವರ್ಷದ ಹಿಂದೆ ಅಲ್ಲಿನ ರೈತನ ಗೋಳು ನಮ್ಮದೇ ಗೋಳು. ರೈಲು ದಾರಿಯ ಪಕ್ಕದ ಉಗ್ರಾಣದವನು ಗೋಧಿಯನ್ನು ಕೀಳು ದರ್ಜೆ ಅಂತ ಬರೆದು ಕಡಿಮೆ ಬೆಲೆಗೆ ಕೊಳ್ಳುತ್ತಿದ್ದ. ಕಸ ಇದೆ ಅಂತ ತೂಕದಲ್ಲಿ ಮುರಿಯುತ್ತಿದ್ದ. ಬೆಲೆ ನಿಗದಿ ಪಕ್ಕದ ರಾಜ್ಯದ ಮಿನಿಯಾಪೊಲಿಸ್ ಪಟ್ಟಣದಲ್ಲಿ. ಅಲ್ಲಿನ ಕೃಷಿ ಕಾಲೇಜಿನ ಲ್ಯಾಡ್ ಎಂಬ ರಸಾಯನ ಶಾಸ್ತ್ರಜ್ಞರು ಆ ಕೀಳು ದರ್ಜೆಯ ಗೋಧಿಯನ್ನು ಬೀಸಿಸಿ ನೋಡಿ, ಅದರಿಂದಲೂ ಒಳ್ಳೆಯ ಹಿಟ್ಟೇ ಬರುತ್ತದೆ ಅಂತ ತೋರಿಸಿಕೊಟ್ಟರು. ಸುಳ್ಳು ಬಯಲಾಯಿತು.

1915ರಲ್ಲಿ ಎ.ಸಿ. ಟೌನ್ಲಿ ಎಂಬ, ಅಗಸೆ ಬೆಳೆದು ದಿವಾಳಿ ಎದ್ದ ರೈತ ನಾನ್‌ಪಾರ್ಟಿಸನ್ ಲೀಗ್ ಕಟ್ಟಿದ. ಪಕ್ಷ ಯಾವುದಾದರೂ ಇರಲಿ, ನಮ್ಮ ಬೇಡಿಕೆ ಒಪ್ಪಿದವನಿಗೆ ಓಟು ಅನ್ನೋದು ಅದರ ನೀತಿ. ಫೋರ್ಡ್ ಕಾರುಗಳಲ್ಲಿ ಹೊಲದಿಂದ ಹೊಲಕ್ಕೆ ಹೋಗಿ ಚಂದಾ ಎತ್ತಿ ಸದಸ್ಯರನ್ನು ಮಾಡಿದರು. ಮರುವರ್ಷ, 1916ರಲ್ಲಿ, ಲಿನ್ ಫ್ರೇಜಿಯರ್ ಎಂಬ ರೈತ ಗವರ್ನರ್ ಆದ. 1919ರಲ್ಲಿ ಲೀಗಿನವರು ಸರ್ಕಾರದ್ದೇ ಒಂದು ಬ್ಯಾಂಕು ತೆರೆದರು, ಸರ್ಕಾರದ್ದೇ ಹಿಟ್ಟಿನ ಗಿರಣಿ ಮತ್ತು ಉಗ್ರಾಣಕ್ಕೆ ಕಾನೂನು ಮಾಡಿದರು. ಗಿರಣಿ 1922ರಲ್ಲಿ ಶುರುವಾಯಿತು. ಇವುಗಳ ಮೇಲ್ವಿಚಾರಣೆ ಮೂರು ಜನರ ಕೈಗೆ: ಗವರ್ನರ್, ಸರ್ಕಾರಿ ವಕೀಲ, ವ್ಯವಸಾಯದ ಕಮಿಷನರ್. ಮೂವರೂ ಜನರು ಆರಿಸಿದವರೇ.

ಆದರೆ ಕತೆ ಇಲ್ಲಿಗೆ ಮುಗಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತೆ. ಲೀಗೇ ನಿಲ್ಲಿಸಿ ಗೆಲ್ಲಿಸಿದ ಸರ್ಕಾರಿ ವಕೀಲ ವಿಲಿಯಂ ಲ್ಯಾಂಗರ್ ಮತ್ತು ಆಡಿಟರ್ ಇಬ್ಬರೂ 1919ರಲ್ಲಿ ಲೀಗಿನ ವಿರುದ್ಧ ತಿರುಗಿಬಿದ್ದರು. ನಮ್ಮನ್ನು ಆರಿಸಿದ್ದು ಜನ, ಲೀಗಲ್ಲ ಅನ್ನುವ ದಾರಿ ಹಿಡಿದರು. 1921ರಲ್ಲಿ ಎದುರಾಳಿಗಳು ಸಹಿ ಸಂಗ್ರಹ ಮಾಡಿ ವಾಪಸು ಕರೆಸುವ ಚುನಾವಣೆ ತಂದರು. ಆ ಹಕ್ಕು ಅಲ್ಲಿನ ಕಾನೂನಿನಲ್ಲಿತ್ತು. ಗವರ್ನರ್ ಸಮೇತ ಆ ಮೂವರೂ ಒಂದೇ ದಿನ ಕುರ್ಚಿ ಕಳೆದುಕೊಂಡರು. ಆದರೂ ಹೊಸದಾಗಿ ಬಂದವರು ಬ್ಯಾಂಕನ್ನು ಮುಚ್ಚಲಿಲ್ಲ, ಗಿರಣಿಯನ್ನೂ ಮುಚ್ಚಲಿಲ್ಲ. ಎರಡೂ ಇವತ್ತಿಗೂ ನಡೆಯುತ್ತಿವೆ. ಫ್ರೇಜಿಯರನನ್ನು ಅದೇ ಜನ ಮರುವರ್ಷವೇ ಆರಿಸಿ ದೆಹಲಿಯಂಥ ಅವರ ರಾಜಧಾನಿಗೆ ಸೆನೆಟರ್ ಮಾಡಿ ಕಳಿಸಿದರು.

ಇನ್ನೊಂದು ಮಾತು. ತಿರುಗಿಬಿದ್ದ ಆ ಲ್ಯಾಂಗರನೇ 1933ರಲ್ಲಿ ಗವರ್ನರ್ ಆಗಿ ಬಂದ. ಬೆಲೆ ಕುಸಿದು ಸಾವಿರಾರು ರೈತರ ಹೊಲ ಹರಾಜಿಗೆ ಬಂದಿದ್ದ ಕಾಲ. ಅವನು ಜಮೀನು ಹರಾಜು ನಿಲ್ಲಿಸಿ ಅಂತ ಆಜ್ಞೆ ಹೊರಡಿಸಿದ, ತಡೆಯಲಿಕ್ಕೆ ಪಡೆಯನ್ನೇ ಕಳಿಸಿದ. ಬೆಲೆ ಏರುವವರೆಗೆ ಗೋಧಿ ರಾಜ್ಯದ ಗಡಿ ದಾಟಬಾರದು ಅಂದ. ಗೋಧಿಯ ಆಜ್ಞೆಯನ್ನು ಕೋರ್ಟು 1934ರಲ್ಲಿ ಹೊಡೆದುಹಾಕಿತು. ಆದರೆ ಹರಾಜು ನಿಂತಿತು. ಬೇರೆಯವರ ದಯದಿಂದ ಕುರ್ಚಿಗೆ ಬಂದವನು ಇಷ್ಟು ಧೈರ್ಯ ಮಾಡುತ್ತಿದ್ದನೇ? ಓಟಿನ ಬಿಸಿ ತಾಗಿದವನು ಮಾತ್ರ ಮಾಡಬಲ್ಲ.

ನೇಮಕವೇ ಮೇಲು ಅನ್ನುವ ಜಾಗ

ಹಾಗಾದರೆ ಎಲ್ಲವನ್ನೂ ಆರಿಸೋಣ, ತಹಶೀಲ್ದಾರರನ್ನೂ ಆರಿಸೋಣ ಅಂತ ಕೆಲವರು ಹುರುಪಿನಿಂದ ಹೇಳುತ್ತಾರೆ. ಬೇಡ. ನಿಮ್ಮ ಊರಿನ ಪಹಣಿ ತಿದ್ದುವವನು ಚುನಾವಣೆಗೆ ನಿಂತು ಗೆದ್ದು ಬಂದ ಅಂತ ಇಟ್ಟುಕೊಳ್ಳಿ. ಎದುರು ಪಾರ್ಟಿಯವನ ಪೌತಿ ಖಾತೆ ಎಷ್ಟು ವರ್ಷಕ್ಕೆ ಆದೀತು? ಬೆಳೆ ನಷ್ಟ ಅಳೆಯುವವನು ಓಟಿನಿಂದ ಬಂದರೆ ಯಾರ ಹೊಲದಲ್ಲಿ ನಷ್ಟ ಹೆಚ್ಚು ಕಂಡೀತು? ತಕ್ಕಡಿಗೆ ಮುದ್ರೆ ಹಾಕುವವನು, ಸೊಸೈಟಿಯ ಲೆಕ್ಕ ತನಿಖೆ ಮಾಡುವವನು, ವ್ಯಾಜ್ಯ ತೀರ್ಮಾನ ಮಾಡುವ ನ್ಯಾಯಾಧೀಶ, ಇವರಿಗೆ ನನ್ನವನು ನಿನ್ನವನು ಅನ್ನೋದು ಇರಕೂಡದು. ಮೊಳಕೋಲಿಗೆ ಪಾರ್ಟಿ ಇಲ್ಲ. ಅಳೆಯುವ ಕೆಲಸದವರು ಪರೀಕ್ಷೆ ಬರೆದು ಬರಲಿ, ನಿಯಮದ ಪ್ರಕಾರ ಕೆಲಸ ಮಾಡಲಿ. ಮಂತ್ರಿ ಮುನಿದರೆ ಮಾರನೆಯ ದಿನ ವರ್ಗ ಆಗುವ ಭಯವೂ ಅವರಿಗೆ ಇರಬಾರದು. ಜತೆಗೆ ಅವರ ಲೆಕ್ಕ ಎಲ್ಲರ ಕಣ್ಣಿಗೆ ಬೀಳಬೇಕು. ಪಹಣಿ ಕಂಪ್ಯೂಟರಿಗೆ ಹೋದ ಮೇಲೆ ಲೆಕ್ಕಿಗನ ಪೆಟ್ಟಿಗೆಯ ಗುಟ್ಟು ಕಡಿಮೆಯಾಯಿತಲ್ಲ, ಹಾಗೆ.

ನಾಮಕರಣ ಎಂಬ ಮೂರನೆಯ ಜಾತಿ

ಆರಿಸಿ ಬಂದವನಿಗೆ ಜನರ ಭಯ. ಪರೀಕ್ಷೆ ಬರೆದು ಬಂದವನಿಗೆ ನಿಯಮದ ಭಯ. ಇವೆರಡೂ ಇಲ್ಲದ ಮೂರನೆಯ ಜಾತಿ ಒಂದಿದೆ, ಅದೇ ನಾಮಕರಣ. ನಿಗಮ, ಮಂಡಳಿಗಳ ಅಧ್ಯಕ್ಷರು, ಸಮಿತಿಗಳ ನಾಮಕರಣ ಸದಸ್ಯರು, ಎಲ್ಲರೂ ಈ ಜಾತಿ. ಟಿಕೆಟ್ಟು ಸಿಗದವನಿಗೆ ಸಮಾಧಾನ, ಮಂತ್ರಿ ಆಗದವನಿಗೆ ಕಾರು.

ಬಗರ್ ಹುಕುಂ ಸಮಿತಿ ನೋಡಿ. ಐವತ್ತನೇ ನಮೂನೆ, ಐವತ್ಮೂರನೇ ನಮೂನೆ, 2018ರಲ್ಲಿ ಐವತ್ತೇಳನೇ ನಮೂನೆ ಅಂತ ಅರ್ಜಿ ಕೊಟ್ಟು ಕೊಟ್ಟು ರೈತನ ಚಪ್ಪಲಿ ಸವೆಯಿತು. ಸಮಿತಿಗೆ ಶಾಸಕ ಅಧ್ಯಕ್ಷ, ತಹಶೀಲ್ದಾರ್ ಕಾರ್ಯದರ್ಶಿ, ಉಳಿದವರು ಸರ್ಕಾರದ ನಾಮಕರಣ. ಸರ್ಕಾರ ಬದಲಾದರೆ ಸಮಿತಿ ಬದಲು. ಹೊಸ ಸಮಿತಿ ಆಗುವವರೆಗೆ ಅರ್ಜಿ ಕಟ್ಟಿನಲ್ಲೇ. ಸಾಗುವಳಿ ಮಾಡಿದ್ದು ನಿಜವೋ ಅಲ್ಲವೋ ಅನ್ನೋದು ಅಳೆಯುವ ಕೆಲಸ, ಅದಕ್ಕೆ ಅಧಿಕಾರಿ ಸಾಕು. ಇರುವ ಜಾಗದಲ್ಲಿ ಯಾರಿಗೆ ಮೊದಲು ಅನ್ನೋದು ಊರಿನ ತೀರ್ಮಾನ, ಅದಕ್ಕೆ ಗ್ರಾಮಸಭೆ ಇದೆ. ನಡುವೆ ನಾಮಕರಣದವರಿಗೆ ಏನು ಕೆಲಸ?

ಬೆಲೆ ಆಯೋಗದ ಮಾತೂ ಇದೇ. ದೆಹಲಿಯಲ್ಲಿ ಕೃಷಿ ಬೆಲೆ ಆಯೋಗ 1965ರಲ್ಲಿ ಆಯಿತು, 1985ರಲ್ಲಿ ಅದರ ಹೆಸರು ಬದಲಾಯಿತು. ನಮ್ಮ ರಾಜ್ಯದಲ್ಲಿ 2014ರಲ್ಲಿ ಕೃಷಿ ಬೆಲೆ ಆಯೋಗ ಬಂತು. ಒಳ್ಳೆಯ ವಿದ್ವಾಂಸರು ಅಲ್ಲಿ ಕೂತಿದ್ದಾರೆ, ಒಳ್ಳೆಯ ವರದಿಗಳನ್ನೂ ಬರೆದಿದ್ದಾರೆ. ಆದರೆ ವರದಿ ಒಪ್ಪಲೇಬೇಕು ಅನ್ನುವ ಕಟ್ಟು ಸರ್ಕಾರಕ್ಕೆ ಇಲ್ಲ. ಒಂದು ಕ್ವಿಂಟಾಲ್ ಜೋಳಕ್ಕೆ ಎಷ್ಟು ಖರ್ಚು ಬಿತ್ತು ಅಂತ ಲೆಕ್ಕ ಹಾಕುವುದು ವಿದ್ವಾಂಸರ ಕೆಲಸ, ಅದು ನೇಮಕವೇ ಆಗಲಿ. ಆ ಖರ್ಚಿನ ಮೇಲೆ ರೈತನಿಗೆ ಎಷ್ಟು ಉಳಿಯಬೇಕು ಅನ್ನೋದು ವಿದ್ಯೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಅದನ್ನು ತೀರ್ಮಾನ ಮಾಡುವಲ್ಲಿ ರೈತರು ಆರಿಸಿದವರು ಕೂರಬೇಕು.

ಒರೆಗಲ್ಲು

ಹಾಗಾಗಿ ಯಾವ ಕುರ್ಚಿ ಕಂಡರೂ ಮೂರು ಪ್ರಶ್ನೆ ಹಾಕಿ. ಒಂದು, ಇದು ಅಳೆಯುವ ಕೆಲಸವೋ, ಹಂಚುವ ಕೆಲಸವೋ? ಅಳೆಯುವವನು ನೇಮಕ ಆಗಲಿ, ಹಂಚುವವನು ಆರಿಸಿ ಬರಲಿ. ಎರಡು, ಕೆಟ್ಟರೆ ಅವನನ್ನು ಇಳಿಸುವವರು ಯಾರು? ಮಧ್ಯಪ್ರದೇಶದಲ್ಲಿ ಸರಪಂಚನನ್ನು ಊರವರೇ ಗುಟ್ಟಿನ ಓಟು ಹಾಕಿ ಇಳಿಸಬಹುದು, ಹರಿಯಾಣದಲ್ಲಿ 2020ರಲ್ಲಿ ಇಂಥದೇ ಹಕ್ಕು ಬಂತು. ಇಳಿಸುವ ಹಕ್ಕಿಲ್ಲದ ಓಟು ಮೂಗುದಾರ ಇಲ್ಲದ ಎತ್ತು. ಮೂರು, ಅವನ ಲೆಕ್ಕ ನೋಡುವವರು ಯಾರು? ಅವನೇ ಆರಿಸಿಕೊಂಡ ಆಡಿಟರ್ ಆದರೆ ಬೇಲಿಯೇ ಹೊಲ ಮೇಯ್ದ ಹಾಗೆ.

ಈ ಒರೆಗಲ್ಲಿನಿಂದ ನಮ್ಮ ಬೇಡಿಕೆಗಳು ತಾವಾಗೇ ಹುಟ್ಟುತ್ತವೆ. ಪಂಚಾಯ್ತಿಯ ಅವಧಿ ಮುಗಿದ ದಿನದಿಂದ ಆಡಳಿತಾಧಿಕಾರಿಯ ಹೆಸರಿನಲ್ಲಿ ಅಧಿಕಾರಿ ಆಳಕೂಡದು. ಮಾರುಕಟ್ಟೆ ಸಮಿತಿ, ಬಗರ್ ಹುಕುಂ ಸಮಿತಿಗಳಲ್ಲಿ ನಾಮಕರಣ ನಿಲ್ಲಬೇಕು. ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಸುಸ್ತಿಯ ನೆಪದಿಂದ ಸೊಸೈಟಿ ಓಟು ಕಿತ್ತುಕೊಳ್ಳಕೂಡದು. ಬೆಲೆ ಆಯೋಗದಲ್ಲಿ ರೈತರು ಆರಿಸಿದ ಸದಸ್ಯರಿರಬೇಕು, ಅದರ ಶಿಫಾರಸನ್ನು ತಳ್ಳಿಹಾಕಿದರೆ ಯಾಕೆ ಅಂತ ಸರ್ಕಾರ ವಿಧಾನಸಭೆಯಲ್ಲಿ ಬರೆದು ಹೇಳಬೇಕು.

ಇದೆಲ್ಲ ಅರ್ಜಿ ಕೊಟ್ಟ ಮಾತ್ರಕ್ಕೆ ಆಗೋದಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳ ಬಾಗಿಲಲ್ಲಿ, ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಅಂತ ಬೋರ್ಡು ನೆಟ್ಟಿದ್ದರು. ಜಪ್ತಿ ಮಾಡಿ ಒಯ್ದ ಸಾಮಾನನ್ನು ರೈತರು ಮರುಜಪ್ತಿ ಮಾಡಿ ತಂದರು. ಆ ಬೋರ್ಡಿನ ಅರ್ಥ ಅಧಿಕಾರಿ ಬೇಡ ಅಂತಲ್ಲ, ಯಜಮಾನ ಯಾರು ಅಂತ ತಿಳಿದು ಬಾ ಅಂತ.

ಮುಂದಿನ ಸೊಸೈಟಿ ಚುನಾವಣೆಗೆ ಮೊದಲು ನಿಮ್ಮ ಸಂಘದ ಮತದಾರರ ಪಟ್ಟಿ ಕೇಳಿ ಪಡೆಯಿರಿ. ಎಷ್ಟು ಜನರ ಹೆಸರು ಬಿಟ್ಟಿದ್ದಾರೆ, ಯಾವ ಕಾರಣಕ್ಕೆ, ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಅಲ್ಲಿಂದ ಶುರು ಮಾಡೋಣ.